ಜಾಕ್ಸನ್ ದಂಡಿನಲ್ಲಿ ಎರಡು ದಿನ

ಪರದೇಶವನ್ನು ಕಂಡುಬಂದವರು ಅಲ್ಲಿಯ ಜಲಪಾತಗಳನ್ನೂ ಸೌಧಗಳನ್ನೂ ವರ್ಣಿಸಿ ಬರೆಯುವುದು ವಾಡಿಕೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ತಿಂಗಳು ಇದ್ದು ಮೈಸೂರಿಗೆ ಹಿಂದಿರುಗಿದ ನನ್ನನ್ನೂ ಮಿತ್ರರು ಮೊದಲು ಕೇಳಿದ್ದು “ನಯಾಗರಾ ನೋಡಿದಿರಾ ಮೇಷ್ಟ್ರೆ?” ಎಂದೇ. ನಾನು ಅದನ್ನು ನೋಡಲಿಲ್ಲ. ದಕ್ಷಿಣ ಕೆರೋಲಿನಾ ಸಂಸ್ಥಾನದ ರಾಜಧಾನಿಯಾದ ಕೊಲಂಬಿಯಾ ನಗರದ ಮಗ್ಗುಲಲ್ಲಿರುವ ಫೋರ್ಟ್ ಜಾಕ್ಸನ್ ಎಂಬ ದಂಡುಪ್ರದೇಶವನ್ನು ನೋಡಿದೆನು. ಅದೂ ಎರಡೇ ದಿನ. ಆ ಎರಡು ದಿನಗಳಿಗಾಗಿ ನನ್ನ ಮಗಳು ಹತ್ತು ವಾರಕ್ಕೂ ಮೀರಿ ಕಾದಿದ್ದಳು. ಆದುದರಿಂದ ಆ ಸ್ಥಳವನ್ನು ಕುರಿತು ಹೇಳುವುದಕ್ಕೆ ಮುಂಚೆ ಕಾದ ದಿನಗಳನ್ನು ಕುರಿತು ಹೇಳಲೇಬೇಕಾಗಿದೆ. ಗೃಹಸ್ಥರಾದ ವಾಚಕರು ಇದನ್ನು ವಿಷಯಾಂತರವೆಂದು ಎಣಿಸಲಾರರೆಂದು ನಂಬಿದ್ದೇನೆ.

ನನ್ನ ಅಳಿಯನು ಆ ದೇಶದಲ್ಲಿಯೇ ಹುಟ್ಟಿ ಬೆಳೆದ ಕನ್ನಡದವರ ಹುಡುಗ. ಮನೆಯಲ್ಲಿ ಕನ್ನಡವನ್ನಾಡುತ್ತಾನೆ, ಓದಲು ಬರೆಯಲು ತಿಳಿಯದು. ಉತ್ತರ ಕೆರೋಲಿನಾದ ಶಾರ್ಲಟ್ ನಗರದಲ್ಲಿ ಒಂದು ಉದ್ಯೋಗದಲ್ಲಿದ್ದವನು, ೨೦೨೩ನೆಯ ಇಸವಿಯ ಬೇಸಗೆಯಲ್ಲಿ ಸೇನೆಗೆ ಹೆಸರು ಕೊಟ್ಟನು. ಗಾಯಗೊಂಡವರಿಗೆ ರಣರಂಗದಲ್ಲಿಯೇ ಪ್ರಥಮ ಚಿಕಿತ್ಸೆ ಮಾಡುವ ಸಿಪಾಯಿಯಾಗಬೇಕೆಂಬುದು ಅವನ ಇಚ್ಛೆ. ಕಾಲೇಜಿನ ಸಾಲ ತೀರಿಸಿಕೊಳ್ಳಬೇಕೆಂಬುದೂ ಅದರೊಡನೆ ಸೇರಿತ್ತು. ನಮ್ಮ ವಂಶದಲ್ಲಿ ಪಂಚಾಂಗ ಹಿಡಿದವರುಂಟು, ಸೀಮೆಸುಣ್ಣ ಹಿಡಿದವರುಂಟು, ಬಂದೂಕು ಹಿಡಿದವರಿಲ್ಲ. ಸುದ್ದಿ ಕೇಳಿದಂದು ನನಗೆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಮಗಳಿಗೆ, “ಎಂಟು ತಿಂಗಳ ಕೂಸನ್ನು ಕಟ್ಟಿಕೊಂಡು ಅಲ್ಲಿ ಒಬ್ಬಳೇ ಏನು ಮಾಡುತ್ತೀಯಮ್ಮ? ಅವನು ಬರುವವರೆಗೆ ಮೈಸೂರಿಗೆ ಬಂದಿರು” ಎಂದು ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ, ಅವರು ಬರುವ ಹೊತ್ತಿಗೆ ಬರುವುದಕ್ಕೆ ಒಂದು ಮನೆಯಿರಬೇಕು. ನಾನು ಬರುವುದಿಲ್ಲ. ನಿಮಗೆ ಆಗುವುದಾದರೆ ನೀವೇ ಇಲ್ಲಿಗೆ ಬನ್ನಿ” ಎಂದಳು. ನನ್ನ ಮಡದಿ ತೀರಿಕೊಂಡು ಐದು ವರ್ಷವಾಗಿದೆ. ತಾಯಿ ಮಾಡಬೇಕಾಗಿದ್ದ ಕೆಲಸವನ್ನು ತಂದೆಯೇ ಮಾಡಬೇಕಾಯಿತು. ಆಗಸ್ಟ್ ತಿಂಗಳ ಕೊನೆಯಲ್ಲಿ ನಾನು ಶಾರ್ಲಟ್ಟನ್ನು ತಲಪಿದಾಗ ಅಳಿಯನು ಮನೆ ಬಿಟ್ಟು ಎರಡು ವಾರವಾಗಿತ್ತು.

ಆ ಸೇನೆಯ ಪ್ರಾಥಮಿಕ ಶಿಕ್ಷಣದ ಅವಧಿ ಹತ್ತು ವಾರ. ಅದಕ್ಕೆ ಮುಂಚೆ ತಲೆ ಬೋಳಿಸಿ, ಸೂಜಿಮದ್ದು ಚುಚ್ಚಿ, ಉಡುಪು ಕೊಡುವುದಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ಶಿಬಿರವನ್ನು ಸೇರಿದ ಕೂಡಲೆ ಮನೆಗೆ ಒಂದು ಸಲ ದೂರವಾಣಿಯಲ್ಲಿ ಮಾತನಾಡಗೊಡಿಸಿ, ಅನಂತರ ಅದನ್ನು ತೆಗೆದಿರಿಸಿಬಿಡುತ್ತಾರೆ. “ಕ್ಷೇಮವಾಗಿ ಸೇರಿದೆ, ವಿಳಾಸವನ್ನು ಕಾಗದದಲ್ಲಿ ತಿಳಿಸುತ್ತೇನೆ ಎಂದರು. ಚೀಟಿ ನೋಡಿ ಓದಿದ ಹಾಗಿತ್ತು. ಪಾಪು ಹೇಗಿದೆ ಎಂದು ಕೇಳುವುದಕ್ಕೂ ಹೊತ್ತಿರಲಿಲ್ಲ” ಎಂದು ಮಗಳು ನನಗೆ ಹೇಳಿದಳು. ಅಲ್ಲಿಂದ ಮುಂದೆ, ಯಾವಾಗಲಾದರೊಮ್ಮೆ ಶಿಕ್ಷಕರು ದಯಪಾಲಿಸುವ ಕೆಲವು ನಿಮಿಷಗಳ ಮಾತನ್ನು ಬಿಟ್ಟರೆ, ಅಂಚೆಯೇ ಗತಿ. ಜಗತ್ತಿನ ಯಾವ ಮೂಲೆಯಲ್ಲಿರುವವರ ಮುಖವನ್ನಾದರೂ ಅಂಗೈಯಲ್ಲಿ ಕಾಣಬಹುದಾದ ಈ ಕಾಲದಲ್ಲಿ, ನೂರೈವತ್ತು ಕಿಲೋಮೀಟರ್ ದೂರದಲ್ಲಿರುವ ಗಂಡನಿಗೆ ಹೆಂಡತಿ ಲಕೋಟೆಗೆ ಅಂಚೆಚೀಟಿ ಹಚ್ಚಿ ಬರೆಯುವುದನ್ನು ನಾನು ಕಣ್ಣಾರೆ ಕಂಡೆನು.

ಅಲಂಕಾರಶಾಸ್ತ್ರದಲ್ಲಿ ಅಷ್ಟನಾಯಿಕೆಯರ ಪೈಕಿ ಪ್ರೋಷಿತಭರ್ತೃಕೆ ಎಂಬವಳೊಬ್ಬಳಿದ್ದಾಳೆ. ಕಾರ್ಯಾಂತರದಿಂದ ಪತಿ ದೂರ ಹೋಗಿರುವವಳು. ಕಾಳಿದಾಸನ ಮೇಘದೂತದಲ್ಲಿ ಯಕ್ಷನ ಪತ್ನಿಯು ಹೊಸ್ತಿಲಿನ ಬಳಿ ಹೂಗಳನ್ನಿಟ್ಟು ಉಳಿದ ತಿಂಗಳುಗಳನ್ನು ಎಣಿಸುವ ಸಂದರ್ಭವನ್ನು ನಾನು ಅನೇಕ ವರ್ಷ ಪಾಠ ಹೇಳಿದವನು. ಪಾಠ ಹೇಳುವಾಗಲೆಲ್ಲ ಆಕೆ ಕೃಶಳಾಗಿ, ಕೇಶಸಂಸ್ಕಾರವಿಲ್ಲದೆ, ನೆಲದ ಮೇಲೆ ಕುಳಿತು ಕಣ್ಣೀರಿಡುವ ಚಿತ್ರವೊಂದೇ ನನ್ನ ಮನಸ್ಸಿನಲ್ಲಿತ್ತು. ಮಗಳ ಮನೆಯಲ್ಲಿ ನಾನು ಕಂಡದ್ದು ಬೇರೊಂದು ಬಗೆ. ಅಡಿಗೆಮನೆಯ ಗೋಡೆಯಲ್ಲಿ ಒಂದು ದಿನದರ್ಶಿಕೆ ತೂಗುತ್ತಿತ್ತು. ರಾತ್ರಿ ಮಗು ಮಲಗಿದ ಮೇಲೆ ಅವಳು ಅದರಲ್ಲಿ ಒಂದು ಗೀಟು ಎಳೆಯುವಳು. ಗೀಟಿನ ಮಗ್ಗುಲಲ್ಲಿ ಅಂದು ಮಾಡಿ ಮುಗಿಸಿದ ಕೆಲಸವನ್ನು ಎರಡು ಮಾತಿನಲ್ಲಿ ಬರೆಯುವಳು. ಕಣ್ಣೀರೂ ಇತ್ತು. ಅದು ಸ್ನಾನದ ಮನೆಯಲ್ಲಿ, ನೀರು ಬಿಟ್ಟುಕೊಂಡ ಮೇಲೆ. ನನಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ನಾನೂ ಗೊತ್ತಿಲ್ಲದವನಂತೆಯೇ ಇದ್ದೆನು.

ಕೆಲಸಗಳೇನೂ ಕಡಮೆಯಿರಲಿಲ್ಲ. ಆ ಸೇನೆಯಲ್ಲಿ ಸಂಬಳವು ತಿಂಗಳ ೧ ಮತ್ತು ೧೫ನೆಯ ತಾರೀಖುಗಳಲ್ಲಿ ಎರಡು ಕಂತಾಗಿ ಬರುತ್ತದೆ. ಮನೆಬಾಡಿಗೆಗೆಂದು ಪ್ರತ್ಯೇಕ ಭತ್ಯವುಂಟು. ಹೆಂಡತಿ ಮಕ್ಕಳ ಹೆಸರು ಸೇನೆಯ ದಾಖಲೆಯಲ್ಲಿ ಏರಿದ ಮೇಲೆಯೇ ಅವರಿಗೆ ಗುರುತಿನ ಚೀಟಿಯೂ ವೈದ್ಯಸಹಾಯವೂ ದೊರೆಯುವುದು. ಅದಕ್ಕಾಗಿ ಮೈಸೂರಿನಲ್ಲಿ ನೋಂದಾಯಿಸಿದ್ದ ವಿವಾಹದ ಪ್ರಮಾಣಪತ್ರವನ್ನೂ ಮಗುವಿನ ಜನನಪತ್ರವನ್ನೂ ಅವಳು ಒಂದು ಚೀಲದಲ್ಲಿ ಜೋಡಿಸಿಟ್ಟಿದ್ದಳು. ಅಳಿಯನು ಹೊರಡುವ ಮುಂಚೆ ತನ್ನ ಪರವಾಗಿ ಸಹಿ ಹಾಕುವ ಅಧಿಕಾರವನ್ನು ಹೆಂಡತಿಗೆ ಮುಖ್ತಿಯಾರ್ ಪತ್ರದ ಮೂಲಕ ಬರೆದುಕೊಟ್ಟು ಹೋಗಿದ್ದನು. ಆ ಒಂದು ಹಾಳೆಯಿಲ್ಲದಿದ್ದರೆ ಬ್ಯಾಂಕಿನಲ್ಲಾಗಲಿ ಮನೆಯ ಒಡೆಯನ ಮುಂದಾಗಲಿ ಅವಳ ಮಾತು ನಡೆಯುತ್ತಿರಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಮೋಟಾರು ನಡೆಸುವುದಕ್ಕೆ ಹೆದರುತ್ತಿದ್ದವಳು, ಮೂರನೆಯ ವಾರದಲ್ಲಿ ನೆರೆಯವರೊಬ್ಬರ ಸಹಾಯದಿಂದ ಕಲಿಯತೊಡಗಿ ಐದನೆಯ ವಾರಕ್ಕೆ ಪರವಾನಗಿ ಪಡೆದಳು. ದಿನದರ್ಶಿಕೆಯಲ್ಲಿ ಆ ದಿನದ ಗೀಟು ಮಾತ್ರ ಕೆಂಪು ಮಸಿಯಲ್ಲಿದೆ.

ಆರನೆಯ ವಾರದಲ್ಲಿ ಮಗುವಿಗೆ ಜ್ವರ ಬಂದಿತು. ಸಾಯಂಕಾಲ ಮೈ ಬಿಸಿಯಾಯಿತು. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಉಷ್ಣಮಾಪಕವು ೧೦೪ ಡಿಗ್ರಿಯನ್ನು ತೋರಿಸಿತು. ಹೊಸದಾಗಿ ಕಲಿತ ಮೋಟಾರಿನಲ್ಲಿ ಕತ್ತಲೆಯಲ್ಲಿ ಮಗಳೇ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದಳು. ಮಗುವನ್ನು ಬೆಳಗಿನವರೆಗೆ ಅಲ್ಲಿಯೇ ಇರಿಸಿಕೊಳ್ಳುವುದಾಗಿ ವೈದ್ಯರು ಹೇಳಿದರು.

ಸಿಪಾಯಿಗಳ ಮನೆಯಲ್ಲಿ ಮರಣವೋ ಕಠಿಣ ವ್ಯಾಧಿಯೋ ಸಂಭವಿಸಿದರೆ ಸುದ್ದಿ ಮುಟ್ಟಿಸುವ ಏರ್ಪಾಡು ಅಮೆರಿಕಾದ ರೆಡ್ ಕ್ರಾಸ್ ಸಂಸ್ಥೆಯವರ ಕೈಯಲ್ಲಿದೆ. ಹಗಲು ರಾತ್ರಿಯೆನ್ನದೆ ಅವರಿಗೆ ತಿಳಿಸಬಹುದು. ಅವರು ಆಸ್ಪತ್ರೆಯಲ್ಲಿ ವಿಚಾರಿಸಿ, ಸಂಗತಿ ನಿಜವೆಂದು ಖಚಿತಪಡಿಸಿಕೊಂಡು, ಸಿಪಾಯಿಯ ದಳಾಧಿಪತಿಗೆ ವರದಿ ಕಳುಹಿಸುವರು. ರಜೆ ಕೊಡುವುದೂ ಬಿಡುವುದೂ ದಳಾಧಿಪತಿಯ ಇಚ್ಛೆ. ಈ ವಿಷಯವನ್ನು ನಾನು ಮೊದಲೇ ಕೇಳಿ ತಿಳಿದಿದ್ದೆನು. “ಅವರಿಗೆ ಈಗಲೇ ಹೇಳು” ಎಂದೆನು.

“ಬೆಳಗಾಗಲಿ, ಅಪ್ಪ” ಎಂದಳು.

“ಹೆತ್ತ ತಂದೆಗೆ ತಿಳಿಸಬೇಡವೇ? ನಾಳೆ ಹೆಚ್ಚು ಕಡಮೆಯಾದರೆ ಅವನಿಗೆ ಏನು ಉತ್ತರ ಹೇಳುತ್ತೀಯೆ?” ಎಂದು ನಾನು ಗದರಿಸಿದೆನು. ಆ ಮಾತಿನ ಕಾಠಿಣ್ಯವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಮಗುವಿನ ಹಣೆಯ ಬಟ್ಟೆಯನ್ನು ಬದಲಾಯಿಸುತ್ತ ಮೆಲ್ಲನೆ ಹೇಳಿದಳು: “ಈ ವಾರ ಅವರಿಗೆ ಗುರಿ ಹೊಡೆಯುವ ಪರೀಕ್ಷೆ. ಕಳುಹಿಸಿದರೆ ಬರುತ್ತಾರೆ; ಬಂದು ಬಹಳ ದಿನ ತಪ್ಪಿದರೆ ಹಿಂದಿನ ತಂಡಕ್ಕೆ ಹಾಕಿಬಿಡುತ್ತಾರೆ. ಕಳುಹಿಸದಿದ್ದರೆ ಕೈಯಲ್ಲಿ ಬಂದೂಕು ಹಿಡಿದು ಪಾಪುವನ್ನೇ ನೆನೆಯುತ್ತ ಇರುತ್ತಾರೆ. ವೈದ್ಯರನ್ನು ಕೇಳಿದ್ದೇನೆ, ಅಪಾಯದ ಲಕ್ಷಣ ಕಂಡರೆ ಹೇಳುತ್ತೇವೆ ಎಂದಿದ್ದಾರೆ. ಹೇಳಿದ ಗಳಿಗೆಯಲ್ಲಿಯೇ ನಾನು ರೆಡ್ ಕ್ರಾಸಿಗೆ ತಿಳಿಸುತ್ತೇನೆ.” ಅವಳ ಅಂಗೈಯಲ್ಲಿ ಒಂದು ಚೀಟಿಯಿತ್ತು. ಗಂಡನ ಪೂರ್ಣನಾಮ, ಹುಟ್ಟಿದ ತಾರೀಖು, ದಳದ ವಿಳಾಸ ಎಲ್ಲವನ್ನೂ ಆಗಲೇ ಬರೆದಿಟ್ಟುಕೊಂಡಿದ್ದಳು. ನಾನು ಅವಳನ್ನು ಮೊಂಡಳೆಂದು ಭಾವಿಸಿದ್ದೆನು. ಅವಳು ಸಿದ್ಧಳಾಗಿ ಕುಳಿತಿದ್ದಳು.

ಬೆಳಗಿನ ಜಾವಕ್ಕೆ ಜ್ವರ ಇಳಿಯಿತು. ಕಿವಿಯೊಳಗಿನ ಸೋಂಕೆಂದು ಔಷಧ ಕೊಟ್ಟು ಕಳುಹಿಸಿದರು. ಆ ವಾರದ ಕಾಗದದಲ್ಲಿ ಅವಳು ಮಗುವಿಗೆ ಹುಟ್ಟಿದ ಹೊಸ ಹಲ್ಲಿನ ವಿಚಾರವನ್ನು ಒಂದು ಪುಟ ಬರೆದಳು. ಜ್ವರದ ವಿಚಾರವನ್ನು ಬರೆಯಲಿಲ್ಲ. ಸತ್ಯಕ್ಕೂ ಪ್ರಿಯಕ್ಕೂ ವಿರೋಧ ಬಂದಾಗ ಏನು ಮಾಡಬೇಕೆಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದ ನನಗೆ, ಆ ಲಕೋಟೆಯನ್ನು ಅಂಚೆಪೆಟ್ಟಿಗೆಗೆ ಹಾಕುವಾಗ ಯಾವ ವಿವರಣೆಯೂ ತೋಚಲಿಲ್ಲ.

ಕೊನೆಗೆ ಆ ದಿನ ಬಂದಿತು. ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಿದ್ದಾಗ ನಾವು ಮೂವರೂ ಮೋಟಾರಿನಲ್ಲಿ ಶಾರ್ಲಟ್ಟಿನಿಂದ ದಕ್ಷಿಣಕ್ಕೆ ಹೊರಟೆವು. ೭೭ನೆಯ ಹೆದ್ದಾರಿ ನೇರವಾಗಿ ಕೊಲಂಬಿಯಾಕ್ಕೆ ಒಯ್ಯುತ್ತದೆ. ಎರಡು ಗಂಟೆಯೊಳಗಿನ ದಾರಿ. ಇಕ್ಕೆಲದಲ್ಲಿಯೂ ಎತ್ತರವಾದ ಪೈನ್ ಮರಗಳು. ನಡುನಡುವೆ ಎಲೆ ಕೆಂಪಾದ ಬೇರೆ ಮರಗಳು. ಮಗಳು ಎರಡು ಕೈಗಳಿಂದಲೂ ಚಕ್ರವನ್ನು ಬಿಗಿಹಿಡಿದು, ಮಾತನಾಡದೆ, ಒಂದೇ ವೇಗದಲ್ಲಿ ನಡೆಸಿದಳು.

ಕೊಲಂಬಿಯಾ ನಗರವು ರಾಜಧಾನಿಗೆಂದೇ ೧೭೮೬ರಲ್ಲಿ ನಿಯಮಿಸಲ್ಪಟ್ಟ ಊರು. ಬ್ರಾಡ್ ಮತ್ತು ಸಲೂಡಾ ಎಂಬ ಎರಡು ನದಿಗಳು ಅಲ್ಲಿ ಕೂಡಿ ಕಾಂಗರೀ ಎಂಬ ಹೆಸರಿನಿಂದ ಮುಂದಕ್ಕೆ ಹರಿಯುತ್ತವೆ. ಸಂಗಮವೆಂದರೆ ಕೈಕಾಲು ತೊಳೆದು ಆಚಮನ ಮಾಡುವ ಅಭ್ಯಾಸವುಳ್ಳ ನನಗೆ ದೂರದಿಂದಲೇ ನಮಸ್ಕಾರ ಮಾಡಿ ತೃಪ್ತಿಪಡಬೇಕಾಯಿತು. ಸಂಜೆ ಶಾಸನಸಭೆಯ ಭವನವನ್ನು ಸುತ್ತಿ ಬಂದೆವು. ೧೮೬೫ರಲ್ಲಿ ಅಂತರ್ಯುದ್ಧದ ಕಾಲಕ್ಕೆ ಜನರಲ್ ಶರ್ಮನ್ನನ ಫಿರಂಗಿಗಳ ಗುಂಡು ತಾಗಿದ ಕಡೆಗಳಲ್ಲಿ, ಅದರ ಗೋಡೆಯ ಮೇಲೆ, ಕಂಚಿನ ನಕ್ಷತ್ರಗಳನ್ನು ಕೂಡಿಸಿದ್ದಾರೆ. ಪಾಮೆಟೋ ಎಂಬ ಮರ ಆ ಸಂಸ್ಥಾನದ ಲಾಂಛನ. ನಮ್ಮ ತಾಳೆಮರಕ್ಕೆ ತಮ್ಮನಂತಿದೆ. ಊರೆಲ್ಲ ನೋಡಿದರೂ ಮಗಳ ದೃಷ್ಟಿ ಮಾತ್ರ ಪೂರ್ವದಿಕ್ಕಿಗೇ ತಿರುಗುತ್ತಿತ್ತು; ದಂಡು ಇರುವುದು ಆ ಕಡೆಗೆ.

ಒಂದನೆಯ ಮಹಾಯುದ್ಧದ ಸಮಯದಲ್ಲಿ, ೧೯೧೭ರಲ್ಲಿ, ಈ ಶಿಬಿರ ಏರ್ಪಟ್ಟಿತು. ಆ ರಾಷ್ಟ್ರದ ಏಳನೆಯ ಅಧ್ಯಕ್ಷನಾದ ಆಂಡ್ರೂ ಜಾಕ್ಸನ್ನನ ಹೆಸರನ್ನು ಇದಕ್ಕೆ ಇಟ್ಟರು. ಯುದ್ಧ ಮುಗಿದ ಮೇಲೆ ಮುಚ್ಚಿಹೋಗಿದ್ದು, ೧೯೪೦ರಲ್ಲಿ ಪುನಃ ತೆರೆಯಿತು. ಈಗ ಇದರ ವಿಸ್ತಾರ ೫೨,೦೦೦ ಎಕರೆಗೂ ಹೆಚ್ಚು. ಆ ಸೇನೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಕೇಂದ್ರವಿಲ್ಲ. ನಮ್ಮ ಬೆಂಗಳೂರಿನ ದಂಡು ೧೮೦೯ರಲ್ಲಿ ಹುಟ್ಟಿ ಬರಬರುತ್ತ ಊರಿನೊಳಗೆ ಬೆರೆತುಹೋಯಿತಷ್ಟೆ. ಇದು ಊರಿಗೆ ಅಂಟಿಕೊಂಡಿದ್ದರೂ ತನ್ನ ಎಲ್ಲೆಯನ್ನು ಬಿಟ್ಟುಕೊಟ್ಟಿಲ್ಲ. ಬಾಗಿಲಲ್ಲಿ ಕಾವಲುಗಾರನು ನನ್ನ ಪಾಸ್‌ಪೋರ್ಟನ್ನು ಬಹಳ ಹೊತ್ತು ತಿರುವಿನೋಡಿ, ಬಳಿಕ ನಗುತ್ತ ಹಿಂದಿರುಗಿಸಿದನು.

ಘಟಿಕೋತ್ಸವದ ಹಿಂದಿನ ದಿನ ಕುಟುಂಬದವರ ಭೇಟಿಗೆ ಮೀಸಲು. ಹಿಲ್ಟನ್ ಮೈದಾನವೆಂಬ ವಿಶಾಲವಾದ ಬಯಲಿನ ಒಂದು ಪಕ್ಕದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಆಸನಗಳು; ಎದುರಿಗೆ ಕಾಡು. ಬೆಳಗಿನ ಹೊತ್ತಿಗೇ ಸಾವಿರಾರು ಜನ ಸೇರಿದ್ದರು. ಕಪ್ಪು ಬಿಳಿ ಎಲ್ಲ ವರ್ಣದವರೂ, ಊರುಗೋಲು ಹಿಡಿದ ಅಜ್ಜಿಯರೂ, ತುಂಬಿದ ಬಸುರಿಯರೂ ಇದ್ದರು. ಒಮ್ಮೆಗೇ ವಾದ್ಯ ಮೊಳಗಿ, ಕಾಡಿನಂಚಿನಲ್ಲಿ ಬಣ್ಣದ ಹೊಗೆ ಎದ್ದು, ಆ ಹೊಗೆಯನ್ನು ಸೀಳಿಕೊಂಡು ತರುಣ ಸಿಪಾಯಿಗಳು ಸಾಲುಸಾಲಾಗಿ ಹೊರಬಂದರು. ಅವರಲ್ಲಿ ಹೆಣ್ಣುಮಕ್ಕಳೂ ಅನೇಕರು. ಅಷ್ಟು ದೂರದಿಂದ ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಿದ್ದರು. “ಯಾರಮ್ಮ ಅವನು?” ಎಂದರೆ ಮಗಳಿಗೂ ತಿಳಿಯಲಿಲ್ಲ. ಅವಳ ತುಟಿ ನಡುಗುತ್ತಿತ್ತು.

ಅಂದು ಅಲ್ಲಿ ಒಂದು ಸಂಪ್ರದಾಯವನ್ನು ಕಂಡೆನು. ಕವಾಯತು ಮುಗಿದ ಬಳಿಕವೂ ಸಿಪಾಯಿಗಳು ನಿಂತ ಕಡೆಯಿಂದ ಅಲುಗುವುದಿಲ್ಲ. ಮನೆಯವರು ಮೈದಾನಕ್ಕಿಳಿದು, ತಮ್ಮವನನ್ನು ಹುಡುಕಿ, ಭುಜವನ್ನು ಮುಟ್ಟಬೇಕು. ಮುಟ್ಟಿದ ಮೇಲೆಯೇ ಅವನಿಗೆ ಬಿಡುಗಡೆ. ಜನಸಾಗರದಲ್ಲಿ ಮಗಳು ಸಾಲಿನಿಂದ ಸಾಲಿಗೆ ನಡೆದಳು. ಕೊನೆಗೆ ಒಬ್ಬನ ಮುಂದೆ ನಿಂತಳು. ಅವನು ಬಹಳ ಕೃಶನಾಗಿದ್ದನು. ಕೆನ್ನೆ ಬತ್ತಿ, ಮೈ ಕಪ್ಪಾಗಿತ್ತು. ದೃಷ್ಟಿ ನೇರವಾಗಿ ಮುಂದಕ್ಕೆ ನೆಟ್ಟಿತ್ತು. ಕಣ್ಣಂಚಿನಲ್ಲಿ ಮಾತ್ರ ನೀರಿತ್ತು. ಅವಳು ಮಗುವಿನ ಕೈಯನ್ನು ಹಿಡಿದು ಅವನ ಭುಜಕ್ಕೆ ತಾಗಿಸಿದಳು. ಮಗುವು ಅವನ ಮುಖವನ್ನು ನೋಡಿ, ಗುರುತು ಸಿಕ್ಕದೆ, ಗಟ್ಟಿಯಾಗಿ ಅಳತೊಡಗಿತು.

ನಾನು ಹಿಂದಕ್ಕೆ ಸರಿದು ನಿಂತೆನು. ಆಗ ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗನು ಇನ್ನೂ ಅಲುಗದೆ ನಿಂತಿದ್ದುದು ಕಣ್ಣಿಗೆ ಬಿತ್ತು. ಹತ್ತೊಂಬತ್ತು ವರ್ಷವಿದ್ದೀತು. ಸುತ್ತಲಿನವರೆಲ್ಲ ಅಪ್ಪಿಕೊಂಡು ಅಳುತ್ತ ನಗುತ್ತ ಇದ್ದರು. ಅವನ ಕಡೆಗೆ ಯಾರೂ ಬರಲಿಲ್ಲ. ಹತ್ತಿರವಿದ್ದ ಹೆಂಗಸೊಬ್ಬಳು ನನ್ನ ಮುಖವನ್ನು ನೋಡಿ, “ಕೆಲವರಿಗೆ ಮನೆಯವರು ಬರಲಾಗುವುದಿಲ್ಲ. ಯಾರು ಮುಟ್ಟಿದರೂ ಆಗುತ್ತದೆ” ಎಂದು ಹೇಳಿದಳು. ನಾನು ಹೋಗಿ ಅವನ ಭುಜದ ಮೇಲೆ ಕೈಯಿಟ್ಟೆನು. ಅವನು ಉಸಿರು ಬಿಟ್ಟು, “ವಂದನೆಗಳು, ಸ್ವಾಮಿ” ಎಂದು ಇಂಗ್ಲಿಷಿನಲ್ಲಿ ನುಡಿದು ನನ್ನ ಕೈಯನ್ನು ಹಿಡಿದುಕೊಂಡನು. ಬೆಂಚಿನ ಮೇಲೆ ನಿಂತ ಹುಡುಗರನ್ನು “ಕುಳಿತುಕೋ” ಎಂದು ಕೂರಿಸಿದ್ದು ನನ್ನ ವೃತ್ತಿಯಲ್ಲಿ ಎಷ್ಟೋ ಸಲ. ಒಬ್ಬನನ್ನು ಹೀಗೆ ಬಿಡಿಸಿದ್ದು ಅದೇ ಮೊದಲು. ಅವನೂ ನಮ್ಮೊಡನೆ ಊಟಕ್ಕೆ ಬಂದನು. ಮಗಳು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಬಳಿಕ ಗೆಳೆಯರ ಬಳಿಗೆ ಹೋದನು.

ಪೈನ್ ಮರದ ನೆರಳಿನಲ್ಲಿ ಕುಳಿತು ಅಳಿಯನು ತನ್ನ ದಿನಗಳನ್ನು ವರ್ಣಿಸಿದನು. ಬೆಳಕು ಹರಿಯುವ ಮುನ್ನ ಏಳುವುದು. ಅಗಲ ಅಂಚಿನ ಟೋಪಿಯ ಡ್ರಿಲ್ ಸಾರ್ಜೆಂಟರ ಕೂಗು. ಎತ್ತರದ ಗೋಪುರದಿಂದ ಹಗ್ಗ ಹಿಡಿದು ಇಳಿಯುವುದು. ವಿಷವಾಯುವಿನ ಕೋಣೆಯಲ್ಲಿ ಮುಖವಾಡ ತೆಗೆದು ಕೆಮ್ಮುತ್ತ ಹೊರಬರುವುದು. ಕೊನೆಯಲ್ಲಿ ‘ಫೋರ್ಜ್’ ಎಂಬ ಪರೀಕ್ಷೆ, ಎಂದರೆ ಕುಲುಮೆ. ನಾಲ್ಕು ದಿನ ಹೊರೆ ಹೊತ್ತು ಕಾಡಿನಲ್ಲಿ ನಡೆಯುತ್ತ, ಸರಿಯಾದ ನಿದ್ರೆಯಿಲ್ಲದೆ ಅದನ್ನು ಮುಗಿಸಿದವರಿಗೆ ಕಪ್ಪು ಬೆರೆ ಟೋಪಿಯನ್ನು ಧರಿಸುವ ಅಧಿಕಾರ ಬರುತ್ತದೆ. ಇದನ್ನೆಲ್ಲ ಅವನು ಹುರುಪಿನಿಂದ ಹೇಳುತ್ತಿರುವಾಗ, ಮಗಳು ಜ್ವರದ ರಾತ್ರಿಯ ಸಂಗತಿಯನ್ನು ತಿಳಿಸಿದಳು.

ಅವನ ಮುಖ ಬದಲಾಯಿತು. ಬಹಳ ಹೊತ್ತಿನ ಮೇಲೆ, “ನನಗೆ ತಿಳಿಸಬೇಕಾಗಿತ್ತು” ಎಂದನು. ಗಟ್ಟಿಯಾಗಿ ಹೇಳಲಿಲ್ಲ, ಅದರಿಂದಲೇ ಆ ಮಾತು ಹೆಚ್ಚು ನಾಟಿತು. ಅವಳು ತಲೆ ತಗ್ಗಿಸಿ ಹುಲ್ಲನ್ನು ಕೀಳುತ್ತ ಕುಳಿತಳು. ಇಷ್ಟು ದಿನ ಕಾದ ಭೇಟಿ ಹೀಗಾಯಿತೇ ಎಂದು ನನಗೆ ಸಂಕಟವಾಯಿತು. ಆಗ ನಾನು ನಡುವೆ ಬಾಯಿ ಹಾಕಿ ಅವಳ ಪಕ್ಷವನ್ನು ಹಿಡಿಯಬಹುದಾಗಿತ್ತು. ಆದರೆ ಆ ರಾತ್ರಿ ಅವನು ಈಗ ಆಡಿದ ಮಾತನ್ನೇ ನಾನೂ ಆಡಿದವನಲ್ಲವೇ? ಸುಮ್ಮನಿದ್ದೆನು.

ಸ್ವಲ್ಪ ಹೊತ್ತಿಗೆ ಅವನೇ, “ನಾನೂ ಒಂದು ವಿಷಯ ಬರೆಯಲಿಲ್ಲ” ಎಂದನು. ನಲವತ್ತು ಗುರಿಗಳಲ್ಲಿ ಇಪ್ಪತ್ತಮೂರನ್ನು ಹೊಡೆದರೆ ಪರೀಕ್ಷೆಯಲ್ಲಿ ತೇರ್ಗಡೆ. ಮೊದಲ ಸಲ ಅವನಿಗೆ ಅಷ್ಟು ಸಿಕ್ಕಿರಲಿಲ್ಲ. ಎರಡನೆಯ ಅವಕಾಶದಲ್ಲಿ ದಾಟಿಕೊಂಡನಂತೆ. ಮನೆಯಲ್ಲಿ ಗಾಬರಿಯಾದೀತೆಂದು ಮರೆಮಾಡಿದ್ದನು. ಮಗಳು ತಲೆಯೆತ್ತಿ ನೋಡಿದಳು. ಇಬ್ಬರೂ ನಗಲಿಲ್ಲ, ಆದರೆ ಅವನು ಕೈ ಚಾಚಿದನು, ಅವಳು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಈ ಸಲ ಅದು ಅಳಲಿಲ್ಲ. ಅವನ ಅಂಗಿಯ ಮೇಲಿನ ಹೆಸರಿನ ಪಟ್ಟಿಯನ್ನು ಕೀಳುವುದಕ್ಕೆ ತೊಡಗಿತು. ಮುಂದಕ್ಕೆ ಏನನ್ನೂ ಮುಚ್ಚಬಾರದು. ಕಷ್ಟವಾದದ್ದನ್ನು ಬರೆಯುವಾಗ ಅದಕ್ಕೆ ಮಾಡಿದ ಉಪಾಯವನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಕೇಳುವವನಿಗೆ ಭಯದೊಡನೆ ಸಮಾಧಾನವೂ ಮುಟ್ಟಬೇಕು. ಹೀಗೆಂದು ಅವರಿಬ್ಬರೂ ಆ ಮರದ ಕೆಳಗೆ ಒಪ್ಪಂದ ಮಾಡಿಕೊಂಡರು. ನನಗೆ ಅದು ದಾಂಪತ್ಯದ ಒಂದು ಸೂತ್ರದಂತೆಯೇ ತೋರಿತು.

ಮರುದಿನ ಘಟಿಕೋತ್ಸವ. ಧ್ವಜಗಳು, ವಾದ್ಯ, ಸಾವಿರ ಕಾಲುಗಳ ಒಂದೇ ಹೆಜ್ಜೆ, ಎಲ್ಲವೂ ಭವ್ಯವಾಗಿತ್ತು. ಆದರೆ ಅದು ವಿರಹದ ಸಮಾಪ್ತಿಯಾಗಿರಲಿಲ್ಲ. ವೈದ್ಯಸಿಪಾಯಿಗಳ ವಿಶೇಷ ಶಿಕ್ಷಣ ನಡೆಯುವುದು ಟೆಕ್ಸಾಸ್ ಸಂಸ್ಥಾನದ ಸ್ಯಾನ್ ಆಂಟೋನಿಯೋ ನಗರದಲ್ಲಿರುವ ಫೋರ್ಟ್ ಸ್ಯಾಮ್ ಹ್ಯೂಸ್ಟನ್ನಿನಲ್ಲಿ. ಇನ್ನೂ ಸುಮಾರು ನಾಲ್ಕು ತಿಂಗಳು. ಅವನು ಚೀಲವನ್ನು ಹೆಗಲಿಗೇರಿಸಿ, “ಮಾವನವರೆ, ಇವರನ್ನು ನೋಡಿಕೊಂಡಿರಿ” ಎಂದು ನನ್ನ ಕಾಲು ಮುಟ್ಟಿದನು. “ಅವಳು ನನ್ನನ್ನು ನೋಡಿಕೊಳ್ಳುತ್ತಿದ್ದಾಳಪ್ಪ” ಎಂದೆನು. ಉಪಚಾರಕ್ಕಾಗಿ ಆಡಿದ ಮಾತು ಅದಾಗಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನನಗೆ ಕೊಡಗಿನ ನೆನಪು ಬಂದಿತು. ೧೯೯೯ರಲ್ಲಿ, ಕಾರ್ಗಿಲ್ ಯುದ್ಧ ನಡೆದ ವರ್ಷ, ನಾನು ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿದ್ದೆನು. ಕಾರ್ಯಪ್ಪನವರನ್ನೂ ತಿಮ್ಮಯ್ಯನವರನ್ನೂ ಹೆತ್ತ ಆ ನಾಡಿನಲ್ಲಿ ಸೇನೆಗೆ ಮಗನನ್ನೋ ಗಂಡನನ್ನೋ ಕಳುಹಿಸಿದ ಮನೆಗಳು ಬಹಳ. ತಾಯಂದಿರು ಶಾಲೆಗೆ ಬಂದು ಮಕ್ಕಳ ಅಂಕಪಟ್ಟಿಗೆ ಸಹಿ ಹಾಕಿ ಹೋಗುವರು. ಅಂಚೆಯವನ ಹಾದಿ ಕಾಯುವ ಹೆಂಗಸರೆಂದು ನಾನು ಅವರನ್ನು ಕುರಿತು ಮರುಗುತ್ತಿದ್ದೆನೇ ಹೊರತು, ಗದ್ದೆ, ತೋಟ, ಸಾಲ, ಅತ್ತೆಯ ಔಷಧ, ಮಗನ ಪರೀಕ್ಷೆ ಇವೆಲ್ಲದರಲ್ಲಿಯೂ ಎರಡು ಸಹಿಗಳ ಕೆಲಸವನ್ನು ಒಂದೇ ಸಹಿ ಮಾಡುತ್ತಿದೆಯೆಂಬುದನ್ನು ಗಮನಿಸಲಿಲ್ಲ. ಅದನ್ನು ಕಾಣುವುದಕ್ಕೆ ನಾನು ಸಮುದ್ರಗಳನ್ನು ದಾಟಿ ಮಗಳ ಅಡಿಗೆಮನೆಗೆ ಹೋಗಬೇಕಾಯಿತು.

ವಾಚಕರ ಮನೆಯ ಮಗಳೋ ಸೊಸೆಯೋ ಇಂಥ ಕಾಲವನ್ನು ಕಳೆಯಬೇಕಾದರೆ, ಅವಳನ್ನು ತವರಿಗೆ ಎಳೆದುಕೊಳ್ಳಲು ಆತುರಪಡಬಾರದೆಂದು ನನ್ನ ಬಿನ್ನಹ. ಅವಳು ತಾನಾಗಿ ಬಂದರೆ ಸಂತೋಷ. ಬರಲೊಲ್ಲದಿದ್ದರೆ ನಾವೇ ಹೋಗಿ, ಪಾತ್ರೆ ತೊಳೆದು, ಮಗುವನ್ನು ಎತ್ತಿಕೊಂಡು, ಕೇಳಿದಾಗ ಮಾತ್ರ ಬುದ್ಧಿ ಹೇಳಿ ಇರುವುದು ಲೇಸು. ಶಿಬಿರದಲ್ಲಿ ಒಬ್ಬನಿಗೆ ಶಿಕ್ಷಣ ನಡೆಯುತ್ತಿರುವಾಗ ಮನೆಯಲ್ಲಿ ಇನ್ನೊಬ್ಬಳಿಗೂ ನಡೆಯುತ್ತಿರುತ್ತದೆ. ಅವಳಿಗೆ ಮೈದಾನವಿಲ್ಲ, ವಾದ್ಯವಿಲ್ಲ.

ಅಂದು ರಾತ್ರಿ ಶಾರ್ಲಟ್ಟಿನ ಮನೆಯಲ್ಲಿ ಮಗು ಮಲಗಿದ ಮೇಲೆ ಮಗಳು ದಿನದರ್ಶಿಕೆಯ ಮುಂದೆ ನಿಂತು ನವೆಂಬರ್ ತಿಂಗಳ ಹಾಳೆಯನ್ನು ತಿರುವಿದಳು. ನಾನು ಎದ್ದು ಹೋಗಿ, ಅವಳ ಭುಜವನ್ನು ಮುಟ್ಟಿದೆನು. ಅವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಬಳಿಕ ಸ್ನಾನದ ಮನೆಗೆ ಹೋಗದೆ, ನನ್ನ ಎದುರಿಗೇ ಕುಳಿತು ಅತ್ತಳು.